ಟರ್ಬೊ ತಣಿಯುವವರೆಗೆ

ಇದನ್ನು ಹೇಳಬಾರದೇನೋ, ಕ್ಷಮಿಸಿ. ಪ್ರಪಂಚದಲ್ಲೇ ಮುನ್ನೂರು ಮಾತ್ರ ತಯಾರಾದ ಆ ಟರ್ಬೊ ಕಾರು ನನ್ನ ತಮ್ಮ ಮುನ್ನಾನ ಪ್ರಾಣ. ಎಲ್ಲಿ ನಿಲ್ಲಿಸಿದರೂ, “ಭಾಯಿ, ಟರ್ಬೊ ತಣೀಲಿ” ಎಂದು ಸ್ವಲ್ಪ ಹೊತ್ತು ಎಂಜಿನ್ ಆರಿಸಲು ಬಿಡುತ್ತಿರಲಿಲ್ಲ; ಎಂಜಿನ್ನಿಗೆ ಗಾಳಿ ಒತ್ತುವ ಆ ಭಾಗ ಕಾದಿರುವಾಗ ಥಟ್ಟನೆ ಆರಿಸಿದರೆ ಹಾಳಾಗುತ್ತದಂತೆ.

ಅವನು ತೀರಿಕೊಂಡ ಮೇಲೆ, ಅಮ್ಮಿ ಬೇಡವೆಂದರೂ ಕೇಳದೆ, ಅದನ್ನು ಮಾರಲು ಆಲ್ಕೊಳದಿಂದ ಜನ್ನಾಪುರಕ್ಕೆ ಒಯ್ದೆ. ಏಪ್ರಿಲ್ ಬಿಸಿಲಲ್ಲೂ ಪಕ್ಕದ ಸೀಟು ತಣ್ಣಗಿತ್ತು. ಕೊಳ್ಳುವ ಭೈರಪ್ಪನವರ ಮನೆ ಮುಂದೆ ನಿಂತ ಕೂಡಲೇ ಕೀ ತೆಗೆದೆ. ಎಂಜಿನ್ ನಿಲ್ಲಲಿಲ್ಲ. ಮುನ್ನಾ ಕಾಯುತ್ತಿದ್ದಷ್ಟೇ ಹೊತ್ತು ಓಡಿ, ತಾನಾಗಿ ಆರಿತು.

“ಕೀ ತೆಗೆದ್ರೂ ಓಡ್ಸೋ ಟೈಮರ್ ಇರ್ತದಲ್ಲ ಮಾರಾಯ, ಹೆದರ್ತೀಯಾಕೆ?” ಎಂದು ಭೈರಪ್ಪ ನಕ್ಕರು.

ಕೆಟ್ಟುಹೋಗಿದ್ದ ಆ ಟೈಮರನ್ನು ಹಿಂದಿನ ವಾರ ನಾನೇ ಬಿಚ್ಚಿ ತೆಗೆದಿದ್ದೆ.

ವಿಷಯ ಕೇಳಿದ ಅಮ್ಮಿ, “ಅವನು ಕಾಯ್ತಾ ಕೂತಿದ್ದ, ನೀನು ಮಾರಿ ಬಂದೆ” ಎಂದರು. ಆಮೇಲೆ ನನ್ನೊಡನೆ ಮಾತಾಡಿಲ್ಲ. ಎಂಜಿನ್ ಓಡಿದ್ದು ಹೇಗೆಂದು ನನಗೆ ಇಂದಿಗೂ ಗೊತ್ತಿಲ್ಲ.