ಮೇಲಿಂದ ಒತ್ತಿದ ಕೈ

ದೆವ್ವ ಗಿವ್ವ ಎಂದರೆ ನಗುವ ನರ್ಸು ನಾನು. ಇದು ಮಟಮಟ ಮಧ್ಯಾಹ್ನ, ಆಪರೇಷನ್ ಥಿಯೇಟರಿನಲ್ಲಿ ನನ್ನ ಕಣ್ಣೆದುರೇ ನಡೆದದ್ದು.

ಗರ್ಭಿಣಿಯ ಬಿಪಿ ವಿಪರೀತ ಏರಿತ್ತು, ಮಗುವಿನ ಎದೆಬಡಿತ ಇಳಿಯುತ್ತಿತ್ತು. ಬೆನ್ನಿಗೆ ಮರಗಟ್ಟಿಸುವ ಇಂಜೆಕ್ಷನ್ ಕೊಡಿಸಿ ಡಾಕ್ಟರಮ್ಮ ಹೊಟ್ಟೆ ಕೊಯ್ದರು. ಮಗುವಿನ ತಲೆ ಸಿಕ್ಕಿಕೊಂಡಿತ್ತು.

"ಹೊಟ್ಟೇನ ಮೇಲಿಂದ ಒತ್ತಿ," ಅಂದರು. ಯಾರೋ ಒತ್ತಿದರು. "ಇನ್ನೂ ಸ್ವಲ್ಪ. ಹಾಂ, ಬಂತು."

ಮಗು ಅತ್ತಿತು. ನಮಗೆಲ್ಲ ಹೋದ ಜೀವ ಬಂದಂತಾಯಿತು.

"ಚೆನ್ನಾಗಿ ಒತ್ತಿದ್ರಿ ಸಿಸ್ಟರ್."

"ನಾನಲ್ಲ ಮೇಡಂ. ನಾನು ಮಗುಗೆ ಬಟ್ಟೆ ಹಿಡ್ಕೊಂಡು ನಿಂತಿದ್ದೆ," ಅಂದೆ ನಾನು.

ಸಹಾಯಕ ಡಾಕ್ಟರು ಎರಡೂ ಕೈಯಲ್ಲಿ ಗಾಯವನ್ನು ಅಗಲಿಸಿ ಹಿಡಿದಿದ್ದರು. ಅರಿವಳಿಕೆಯವರು ತಲೆಯ ಬಳಿ ಔಷಧಿ ಏರಿಸುತ್ತಿದ್ದರು. ಒಳಗೆ ಇನ್ಯಾರೂ ಇರಲಿಲ್ಲ.

ಎದೆಯಿಂದ ಕೆಳಗೆ ಚಿವುಟಿದರೂ ಗೊತ್ತಾಗದ ಬಾಣಂತಿ ಆಗ ಮೆಲ್ಲಗೆ ನನ್ನನ್ನು ಕೇಳಿದಳು: "ಒತ್ತಿದವರ ಕೈ ಯಾಕಕ್ಕ ಅಷ್ಟು ತಣ್ಣಗಿತ್ತು?"

ಹೊಲಿಗೆ ಮುಗಿದ ಮೇಲೆ, ಅವಳಿಗೆ ಹೊದಿಸಿದ್ದ ಹಸಿರು ಬಟ್ಟೆ ತೆಗೆದೆ. ಒತ್ತಿದ ಜಾಗದಲ್ಲಿ ಬಟ್ಟೆಯ ಮೇಲೆ ಒಂದು ಕಲೆಯೂ ಇರಲಿಲ್ಲ. ಅದರ ಅಡಿಯಲ್ಲಿ, ಬರಿ ಮೈಮೇಲೆ, ರಕ್ತದಲ್ಲಿ ಎರಡು ಅಂಗೈ ಮೂಡಿದ್ದವು, ಇನ್ನೂ ಹಸಿಯಾಗಿ.

ಅವನ್ನು ಒರೆಸಿದವಳು ನಾನೇ. ಕೈಯಲ್ಲಿದ್ದ ಹತ್ತಿ ಮಂಜುಗಡ್ಡೆಯಂತೆ ತಣ್ಣಗಾಯಿತು.