ಹದಿನೈದು ಹೆಜ್ಜೆಯ ಕಾರು

"ಮೆಕ್ಯಾನಿಕ್ ಎಲ್ಲಿ ಅದಾನ್ರಿ?"

ಬಾನೆಟ್ ಕೆಳಗೆ ತಲೆ ಹಾಕಿದ್ದ ಶಿವಗಂಗಾ ಬೆಚ್ಚಿಬಿದ್ದಳು. ಎದುರಿಗೆ ಶಿವರಾಜ... ಸಿರವಾರದ ರೈಸ್‌ಮಿಲ್ಲಿನಲ್ಲಿ ಯಂತ್ರ ನೋಡಿಕೊಳ್ಳುವವನು, ಮಾನ್ವಿಗೆ ಕಾರು ಕೊಳ್ಳಲು ಬಂದವನು.

"ನಾನೇ... ಪ್ಲಗ್ ಒರಸಾಕತ್ತಿದ್ದೆ."

ಅಪ್ಪ ಕಲಿಸಿದ ವಿದ್ಯೆ ಅದು. ಅಪ್ಪ ತೀರಿಕೊಂಡು ವರ್ಷವಾಗಿತ್ತು. ಅವಳ ಉಗುರಿನಲ್ಲಿ ಗ್ರೀಸ್ ಕಂಡು ಗಂಡಿನ ಕಡೆಯವರು ಎದ್ದುಹೋದ ದಿನದಿಂದ ಅಣ್ಣ ಅಮರೇಶ ಅವಳು ಹೊರಗೆ ಹೋಗದಂತೆ ಗೇಟಿಗೆ ಬೀಗ ಹಾಕಿದ್ದ. ಸೋಮವಾರಕ್ಕೊಮ್ಮೆ ಅವಳು ಅಪ್ಪನ ಹಳೆಯ ಮಾರುತಿಗೆ ವಿಭೂತಿ ಹಚ್ಚಿ, ಗೋಡೆಯಿಂದ ಗೇಟಿನವರೆಗೆ ತಂದು ಮತ್ತೆ ಹಿಂದಕ್ಕೆ ಒಯ್ಯುತ್ತಿದ್ದಳು. ಹದಿನೈದು ಹೆಜ್ಜೆ... ಅವಳ ಲೋಕವೇ ಅಷ್ಟು! ಈಗ ಅಣ್ಣ ಅದನ್ನೂ ಮಾರಲು ಹೊರಟಿದ್ದ.

ಅದಕ್ಕೇ ಗಿರಾಕಿ ಬರುವ ಸುದ್ದಿ ಸಿಕ್ಕರೆ ಸಾಕು, ಮೂರು ಪ್ಲಗ್ ವೈರುಗಳಲ್ಲಿ ಎರಡನ್ನು ಅದಲುಬದಲು ಮಾಡಿಡುತ್ತಿದ್ದಳು. ಕಾರು ಕೆಮ್ಮಿ ಸುಮ್ಮನಾಗುತ್ತಿತ್ತು. ಗಿರಾಕಿಗಳು ಬಂದ ದಾರಿ ಹಿಡಿಯುತ್ತಿದ್ದರು.

ಶಿವರಾಜ ಚಾವಿ ತಿರುಗಿಸಿದ. ಢಬ್! ಇಳಿದು ಬಂದು ವೈರುಗಳನ್ನು ನೋಡಿದ, ಆಮೇಲೆ ಅವಳನ್ನು ನೋಡಿದ.

'ಸಿಕ್ಕಿಬಿದ್ದೆ...' ಅವಳು ಒರೆಸುವ ಬಟ್ಟೆ ಹಿಡಿದು ಹಿಂದೆ ಸರಿದಳು.

"ಕೆಲಸ ಭಾಳ ಅದರಿ," ಎಂದ ಶಿವರಾಜ, ಬಾಗಿಲಲ್ಲಿ ನಿಂತಿದ್ದ ಅಮರೇಶನಿಗೆ. "ಇಲ್ಲೇ ರಿಪೇರಿ ಮಾಡ್ಕೊಂಡು ಒಯ್ತೀನಿ. ಐತಾರಕ್ಕೊಮ್ಮೆ ಬರ್ತೀನಿ."

ನಾಲ್ಕು ಭಾನುವಾರ ಬಂದ. ಅವನು ಆಯಿಲ್ ಬದಲಿಸಿದ, ಅವಳು ನಟ್ಟು ಬಿಚ್ಚುವ ಪಾನಾ ಕೊಟ್ಟಳು. ವಾಲ್ವ್ ಸೆಟ್ಟಿಂಗ್ ಅವನಿಗೆ ಬರದಿದ್ದಾಗ ತಾನೇ ಮಾಡಿ ತೋರಿಸಿದಳು. ವೈರಿನ ಮಾತನ್ನು ಇಬ್ಬರೂ ಎತ್ತಲಿಲ್ಲ. ಭಾನುವಾರಕ್ಕೆ ಕಾಯುವುದು ಅವಳಿಗೆ ಚಟವೇ ಆಗಿಹೋಯಿತು ನೋಡಿ!

ಐದನೆಯ ಭಾನುವಾರ ಬಂದವನೇ ವೈರುಗಳನ್ನು ಸರಿಮಾಡಿದ. ಕಾರು ಒಂದೇ ಸಲಕ್ಕೆ ಶುರುವಾಯಿತು.

"ಇದೊಂದ ಇತ್ತು ನನಗ! ನಕ್ಕೊಂತ ಮಾತಾಡಿ ಇದನ್ನೂ ಒಯ್ಯಾಕ ಬಂದ್ರೇನು?" ಶಿವಗಂಗಾಳ ಕಣ್ಣು ತುಂಬಿ ಬಂತು.

"ಒಯ್ಯಾಕ ಬಂದಿದ್ದು ಮೊದಲ್ನೇ ದಿನ ಅಷ್ಟರಿ... ಇನ್ನ ಇದನ್ನ ಕೆಡಿಸಿಡಬ್ಯಾಡ್ರಿ." ಶಿವರಾಜ, ಕಾರಿನ ಸದ್ದಿಗೆ ಹೊರಬಂದ ಅಮರೇಶನತ್ತ ತಿರುಗಿದ. "ಕಾರು ಇವರಿಗೇ ಇರಲಿ. ಇವರು ಒಪ್ಪಿದ್ರ, ನಮ್ಮವ್ವನ್ನ ಕರ್ಕೊಂಡು ಹೆಣ್ಣು ಕೇಳಾಕ ಬರ್ತೀನಿ."

ಅಮರೇಶ ಕಕ್ಕಾಬಿಕ್ಕಿಯಾದ. "ಇಕಿ ಕೈ ನೋಡೀರೇನು?"

"ನೋಡೇ ಕೇಳಾಕತ್ತೀನ್ರಿ."

ಇಬ್ಬರೂ ಅವಳ ಮುಖ ನೋಡಿದರು. 'ಹೂಂ ಅನ್ನಲೇ? ಬೀಗದೊಳಗೆ ನಿಂತು ಹೂಂ ಅಂದರೆ ಅದು ನನ್ನ ಮಾತಾದೀತೇ?'

"ಅಣ್ಣಾ, ಮೊದಲ ಗೇಟ್ ತೆಗಿ. ಒಳಗ ನಿಂತು ನಾ ಉತ್ತರ ಕೊಡಂಗಿಲ್ಲ!"

ತಂಗಿ ಹೀಗೆ ಎದುರು ನಿಂತದ್ದು ಅದೇ ಮೊದಲು. ಅಮರೇಶ ಅವಳನ್ನೂ ಶಿವರಾಜನನ್ನೂ ಒಮ್ಮೆ ನೋಡಿದ. ಕೊನೆಗೆ ಜೇಬಿನಿಂದ ಬೀಗದ ಕೈ ತೆಗೆದು ಗೇಟ್ ತೆರೆದ.

ಶಿವಗಂಗಾ ಸ್ಟೇರಿಂಗ್ ಹಿಡಿದಳು, ಕಾರು ಬೀದಿಗಿಳಿಯಿತು. ಪಕ್ಕದಲ್ಲಿ ಶಿವರಾಜ, ಹಿಂದಿನ ಸೀಟಿನಲ್ಲಿ ಮುಖ ಊದಿಸಿಕೊಂಡ ಅಣ್ಣ. ಊರು ದಾಟಿ ಭತ್ತದ ಗದ್ದೆಗಳು ಕಂಡದ್ದೇ ಅವಳು ಬ್ರೇಕ್ ಹಾಕಿದಳು.

"ಯಾಕ್ರಿ, ಕೆಟ್ಟಿತೇನು?"

"ಇಲ್ರಿ... ಗೇಟ್ ದಾಟೋದಷ್ಟೇ ನೆನಸಿದ್ದೆ. ಮುಂದ ಎಲ್ಲಿಗಂತ ಯೋಚನಿನೇ ಮಾಡಿಲ್ಲ." ಕಣ್ಣೊರೆಸಿಕೊಂಡಳು.

"ಒಬ್ಬರೇ ಹೋಗಬೇಕನಸಿದ್ರ ನಾ ಇಳಿತೀನಿ..."

"ಬ್ಯಾಡ, ಕೂಡ್ರಿ." ಗೇರ್ ಹಾಕಿದಳು. "ನಿಮ್ಮವ್ವ ಮನ್ಯಾಗ ಅದಾರೇನು?"

"ಅದಾರ. ಯಾಕ್ರಿ?"

"ಹೆಣ್ಣು ಕೇಳಾಕ ಅವರು ಬರೋದು ಬ್ಯಾಡ... ನಾನೇ ಬಂದು ಒಪ್ಪಿಗಿ ಹೇಳ್ತೀನಿ!"