ಅರ್ಧ ಷಟರ್

ನನ್ನ ಪಾರ್ಟ್ನರ್ ಚನ್ನಪ್ಪನನ್ನು ನಾನು ಕೊಲ್ಲಲಿಲ್ಲ. ಕಳವಾ ಸ್ಟೇಷನ್ ಹತ್ತಿರದ ನಮ್ಮ ಗ್ಯಾರೇಜಿನ ಹಿಂದೆಯೇ ರೈಲು ಓಡುತ್ತದೆ. ಇಂಜಿನ್ನಿನ ಸದ್ದು ಸರಿಯಾಗಿ ಕೇಳಲೆಂದು ಅವನು ಷಟರನ್ನು ಅರ್ಧ ಎಳೆದುಕೊಂಡೇ ಕಾರ್ಬ್ಯುರೇಟರ್ ಟ್ಯೂನ್ ಮಾಡುತ್ತಿದ್ದ. ಒಂದು ದಿನ ಗಿರಾಕಿಯ ಎದುರಿಗೇ ನಾನಿಟ್ಟ ಇಂಜಿನ್ ಟೈಮಿಂಗ್ ನೋಡಿ ನಕ್ಕುಬಿಟ್ಟ. ಗಿರಾಕಿ ಹೋದ ಮೇಲೆ ಸಿಟ್ಟಿನಲ್ಲಿ ಉಳಿದರ್ಧವನ್ನೂ ಎಳೆದು, ಬೀಗ ಜಡಿದು ಊಟಕ್ಕೆ ಹೋದೆ. ಬರುವಷ್ಟರಲ್ಲಿ ಚನ್ನಪ್ಪ ಒಳಗೆ ಇಂಜಿನ್ನಿನ ಹೊಗೆಯಲ್ಲಿ ಉಸಿರುಗಟ್ಟಿ ಸತ್ತಿದ್ದ. ಒಳಗಿದ್ದದ್ದು ಗೊತ್ತಿರಲಿಲ್ಲ, ಸದ್ದೂ ಕೇಳಿಸಲಿಲ್ಲ ಎಂದು ಪೊಲೀಸರಿಗೆ ಹೇಳಿದೆ.

ಕಳೆದ ತಿಂಗಳು, ನಡುಮಧ್ಯಾಹ್ನ, ಅವನ ಹೆಂಡತಿ ಕಾಶವ್ವ ಅವನ ಹಳೇ ಕಾರು ತಂದರು.

"ನಿಂತಲ್ಲೆ ಬಂದ್ ಬೀಳ್ತದ ತಮ್ಮಾ. ನೀನ ನೋಡಬೇಕು."

ಕಾರ್ಬ್ಯುರೇಟರಿನ ಸ್ಕ್ರೂ ಎಷ್ಟು ತಿರುವಿದರೂ ಇಂಜಿನ್ ಐಡಲಿನಲ್ಲಿ ಒಂದೇ ಸಮ ಓಡಲಿಲ್ಲ. ಎಲ್ಲೋ ಗಾಳಿ ಎಳೆಯುತ್ತಿರಬೇಕೆಂದು ರಬ್ಬರ್ ಪೈಪಿನ ಒಂದು ತುದಿಯನ್ನು ಕಿವಿಗಿಟ್ಟು, ಇನ್ನೊಂದನ್ನು ಕಾರ್ಬ್ಯುರೇಟರಿನ ಬುಡದಲ್ಲಿ ಆಡಿಸಿದೆ. ಸುಸ್ಸೆನ್ನುವ ಸದ್ದು ಬರಲಿಲ್ಲ. ತಗಡಿಗೆ ಅಂಗೈ ಬಡಿದಂತೆ ಕೇಳಿಸಿತು, ಮೂರು ಸಲ. ಕಿವಿ ತಣ್ಣಗಾಯಿತು. ಕೀಲಿ ತಿರುಗಿಸಿ ಇಂಜಿನ್ ನಿಲ್ಲಿಸಿದೆ. ಪೈಪಿನಲ್ಲಿ ಮತ್ತೆ ಮೂರು ಸಲ.

"ಯಾಕ, ಕೇಳಸವಲ್ದೇನು?" ಕಾಶವ್ವ ಹೊರಗೆ ಹೋಗಿ ಷಟರನ್ನು ಅರ್ಧ ಎಳೆದರು.

"ಏನೂ ಕೇಳಸ್ತಿಲ್ಲ ವೈನಿ."

"ಅವತ್ತೂ ಹಂಗ ಅಂದಿದ್ದಿ."

ಆಮೇಲೆ ಷಟರಿನ ಮೇಲೆ ಅಂಗೈಯಿಂದ ಮೂರು ಸಲ ಬಡಿದು, ಕಾರನ್ನು ಅಲ್ಲೇ ಬಿಟ್ಟು ಹೊರಟುಹೋದರು.

ಅಂದು ಬೀಗ ಜಡಿದ ಮೇಲೆ ಒಳಗಿನಿಂದ ಕೇಳಿದ್ದೂ ಮೂರೇ ಬಡಿತ. ಅದನ್ನು ನಾನು ಈವರೆಗೆ ಯಾರಿಗೂ ಹೇಳಿಲ್ಲ.